ಮೇಲಿನಕೊಪ್ಪದ ಮಳೆಗೆ ಒಂದು ಅಡಿಟಿಪ್ಪಣಿ

ನನ್ನ ವೃತ್ತಿಯಲ್ಲಿ ಮನುಷ್ಯನ ತೂಕ ನೋಡುವುದು ಅವನು ಎಷ್ಟು ಲೇಖನ ಬರೆದ ಎಂಬುದರಿಂದಲ್ಲ. ಬರೆಯುವುದಕ್ಕೇನು, ಕಾಗದ ಶಾಯಿ ಇದ್ದರೆ ಯಾರು ಬೇಕಾದರೂ ಬರೆಯುತ್ತಾರೆ. ಬರೆದದ್ದನ್ನು ಬೇರೆ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂಬುದೇ ಲೆಕ್ಕ. ಅದಕ್ಕೆ ಉಲ್ಲೇಖ ಎನ್ನುತ್ತೇವೆ. 1968ರ ಜುಲೈ ಹೊತ್ತಿಗೆ ನನ್ನ ಹೆಸರಿನಲ್ಲಿ ಹನ್ನೊಂದು ಲೇಖನಗಳಿದ್ದವು. ಅವುಗಳಲ್ಲಿ ಹತ್ತನ್ನು ನನ್ನ ಹೆಂಡತಿಯ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಯಾರೂ ಓದಿರಲಿಲ್ಲ. ಹನ್ನೊಂದನೆಯದಕ್ಕೆ ಮಾತ್ರ ಮೂವತ್ತೇಳು ಉಲ್ಲೇಖಗಳು. ಜಪಾನಿನಿಂದ ಎರಡು, ಜರ್ಮನಿಯಿಂದ ಒಂದು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅವನ್ನೆಲ್ಲ ಬರೆದಿಟ್ಟು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹಾಡುವವನಿಗೆ ಚಪ್ಪಾಳೆ ಬೇಕು, ನಮಗೆ ಉಲ್ಲೇಖ ಬೇಕು.

ಆ ಲೇಖನ ನಮ್ಮ ಘಟ್ಟದ ಮಳೆಯ ಮೇಲೆ. ಮಳೆ ಘಟ್ಟದ ನೆತ್ತಿಯಲ್ಲಿ ಅತಿ ಹೆಚ್ಚು ಸುರಿಯುತ್ತದೆ, ಅಲ್ಲಿಂದ ಮೂಡಲಿಗೆ ಸರಿದ ಕೂಡಲೇ ಸರ್ರನೆ ಇಳಿಯುತ್ತದೆ ಎಂದು ನಾನು ಒಂದು ರೇಖೆ ಎಳೆದು ತೋರಿಸಿದ್ದೆ. ಜನ ಅದನ್ನು ನನ್ನ ಹೆಸರಿನಿಂದ ಗಜಾನನ ರೇಖೆ ಎಂದೇ ಕರೆಯತೊಡಗಿದ್ದರು. ಅದಕ್ಕೆ ಅಡ್ಡ ಬಂದದ್ದು ಒಂದೇ ಒಂದು ಊರು, ಹೊಸನಗರ ತಾಲ್ಲೂಕಿನ ಮೇಲಿನಕೊಪ್ಪ. ನೆತ್ತಿಯಿಂದ ಮೂಡಲಿಗೆ ಹತ್ತು ಮೈಲಿ ಒಳಗಿದ್ದರೂ ಅಲ್ಲಿಯ ಶಾಲೆಯಂಗಳದ ಮಳೆಮಾಪಕ ನೆತ್ತಿಯಷ್ಟೇ ಮಳೆ ತೋರಿಸುತ್ತಿತ್ತು. ಅನುಮಾನ ಬಂದು ದಿನದಿನದ ಅಂಕಿಗಳನ್ನು ನೋಡಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರರಲ್ಲೂ ಧಾರಾಕಾರ ಮಳೆ ದಾಖಲಾದ ದಿನ ಮೇಲಿನಕೊಪ್ಪದಲ್ಲಿ ಸಾಧಾರಣ ಮಳೆ. ಮೂರೂ ಕಡೆ ತುಂತುರು ಇದ್ದ ದಿನ ಇಲ್ಲಿ ಆಕಾಶ ಹರಿದಂತೆ. ಶಾಲೆಯ ಯಾವನೋ ಸೋಮಾರಿ ಒಲೆಯ ಮುಂದೆ ಕೂತು ಬಾಯಿಗೆ ಬಂದದ್ದು ಬರೆದಿದ್ದಾನೆ ಎಂದು ತೀರ್ಮಾನಿಸಿದೆ. ಆ ಊರಿನ ಅಂಕಿಗಳನ್ನು ಕೈಬಿಟ್ಟು, ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿದೆ: "ಈ ಕೇಂದ್ರದ ಅಂಕಿಗಳು ಮಳೆಮಾಪಕದಿಂದ ಬಂದವಲ್ಲ, ಬರೆದವರ ಕಲ್ಪನೆಯಿಂದ ಬಂದಂತಿವೆ."

ವಿಜ್ಞಾನಿಗಳು ನಗುವುದು ಕಡಿಮೆ. ಈ ಸಾಲಿಗೆ ನಕ್ಕರು. ಮೂವತ್ತೇಳು ಉಲ್ಲೇಖಗಳಲ್ಲಿ ಇಪ್ಪತ್ತೊಂದು ನನ್ನ ರೇಖೆಗೆ ಅಲ್ಲ, ಈ ಅಡಿಟಿಪ್ಪಣಿಗೆ. ಹಳ್ಳಿಯ ಅಂಕಿಗಳನ್ನು ನಂಬಿದರೆ ಏನಾಗುತ್ತದೆ ಎನ್ನಲು ಎಲ್ಲರಿಗೂ ಒಂದು ಉದಾಹರಣೆ ಬೇಕಿತ್ತು, ನಾನು ಒದಗಿಸಿದ್ದೆ. ಮೂವತ್ತೆಂಟನೆಯ ಉಲ್ಲೇಖ ಬಂದದ್ದು ಒಂದು ಸರ್ಕಾರಿ ಆದೇಶದಲ್ಲಿ. ನನ್ನ ಲೇಖನವನ್ನೇ ಆಧಾರವಾಗಿ ಹೆಸರಿಸಿ, ಮೇಲಿನಕೊಪ್ಪದ ಮಳೆ ಕೇಂದ್ರವನ್ನು ಮುಚ್ಚಬೇಕೆಂದು ಅದರಲ್ಲಿ ಬರೆದಿತ್ತು. ಮೂರು ತಾಲ್ಲೂಕಿನ ಕೇಂದ್ರಗಳನ್ನು ತನಿಖೆ ಮಾಡಿ, ಬರುವಾಗ ಮೇಲಿನಕೊಪ್ಪದ ಮಾಪಕವನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬರುವ ಕೆಲಸ ನನಗೇ ಬಿತ್ತು. ಸೆಪ್ಟೆಂಬರಿನಲ್ಲಿ ಹವಾಮಾನ ಇಲಾಖೆಯ ನಮ್ಮ ವಿಭಾಗದ ಮುಖ್ಯಸ್ಥನ ಆಯ್ಕೆ ಇತ್ತು, ಆ ಕುರ್ಚಿ ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು. ಆದೇಶದ ನಂಬರನ್ನೂ ನೋಟ್‌ಬುಕ್ಕಿಗೆ ಸೇರಿಸಿ ಹೊರಟೆ.

ಸಾಗರದಲ್ಲಿ ನನ್ನ ಅಕ್ಕ ಮಹಾಲಕ್ಷ್ಮಿಯ ಮನೆ. ಊಟಕ್ಕೆ ಕೂತಾಗ ನೋಟ್‌ಬುಕ್ಕು ತೆಗೆದು ತೋರಿಸಿದೆ. ಅಕ್ಕನಿಗೆ ಜಪಾನ್ ಜರ್ಮನಿಯಿಂದ ಏನೂ ಆಗಲಿಲ್ಲ. ಅಡಿಟಿಪ್ಪಣಿಯ ಕತೆಯನ್ನು ನಗುತ್ತ ಹೇಳಿದರೆ ಅವಳು ನಗಲೂ ಇಲ್ಲ. ನೀನು ಆ ಊರಿಗೆ ಹೋಗಿದ್ದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಹೆಸರಿಸಿದವರಲ್ಲಿ ಯಾರಾದರೂ ಹೋಗಿದ್ದರಾ ಎಂದಳು. ಜರ್ಮನಿಯವನು ಮೇಲಿನಕೊಪ್ಪಕ್ಕೆ ಬರುತ್ತಾನೆಯೇ ಎಂದು ರೇಗಿದೆ.

"ಎಂಗೊ ಹೆಂಗಸ್ರು ಸಾರಿಗೆ ಉಪ್ಪು ಜಾಸ್ತಿ ಆತು ಹೇಳಕಾದ್ರೂ ಒಂದ್ಸಲ ರುಚಿ ನೋಡ್ತ್ಯ," ಎಂದು ಹೇಳಿ ಅಕ್ಕ ಮಜ್ಜಿಗೆ ತರಲು ಎದ್ದುಹೋದಳು.

ಹೆಂಗಸರಿಗೆ ಸಂಖ್ಯಾಶಾಸ್ತ್ರ ಗೊತ್ತಾಗುವುದಿಲ್ಲ ಎಂದುಕೊಂಡು ಮಜ್ಜಿಗೆ ಕುಡಿದೆ. ಸಾಗರದ ಕೇಂದ್ರ ಚೊಕ್ಕವಾಗಿತ್ತು. ಮರುದಿನ ಬಸ್ಸಿನಲ್ಲಿ ಹೊಸನಗರಕ್ಕೆ ಹೋದೆ. ಅಲ್ಲಿಯದೂ ಚೊಕ್ಕ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಮೇಲಿನಕೊಪ್ಪದ ತಿರುವಿನಲ್ಲಿ ಇಳಿದು ಒಂದು ಮೈಲಿ ನಡೆದೆ. ಶರಾವತಿಗೆ ಅಣೆಕಟ್ಟು ಕಟ್ಟತೊಡಗಿದಾಗ, ಮುಳುಗಲಿದ್ದ ಕೆಳಗಿನಕೊಪ್ಪದ ಜನ ಮೊದಲೇ ಗುಡ್ಡ ಹತ್ತಿ ಕಟ್ಟಿಕೊಂಡ ಊರದು. ಇಪ್ಪತ್ತೈದು ಮನೆ, ಒಂದು ಶಾಲೆ. ಶಾಲೆಯಂಗಳದಲ್ಲಿ ಬೇಲಿ ಹಾಕಿದ ಚೌಕದೊಳಗೆ ಮಳೆಮಾಪಕ ನಿಂತಿತ್ತು.

ಅಲ್ಲಿ ಒಬ್ಬ ಸೋಮಾರಿ ಮೇಷ್ಟರನ್ನು ನಿರೀಕ್ಷಿಸಿದ್ದೆ. ಮೇಷ್ಟರು ವಾಸಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ನಿಜ. ಆದರೆ ಮಾಪಕದ ಬಳಿ ಇದ್ದವಳು ನಲವತ್ತು ದಾಟಿದ ಒಬ್ಬ ಹೆಂಗಸು. ತಲೆಯಿಂದ ಬೆನ್ನಿನ ತನಕ ಎಲೆಯ ಗೊರಬು ಹೊದ್ದು, ಕಾಲಬುಡದಲ್ಲಿ ಒಂದು ಟೈಂಪೀಸನ್ನು ತೆಂಗಿನ ಕರಟದ ಮರೆಯಲ್ಲಿಟ್ಟು ಕಾಯುತ್ತಿದ್ದಳು. ಪುಸ್ತಕಕ್ಕೆ ಸಹಿ ಮಾತ್ರ ತಮ್ಮದು, ಏಳು ವರ್ಷದಿಂದ ಮಳೆ ಅಳೆಯುವುದೆಲ್ಲ ಶಾಲೆ ಗುಡಿಸುವ ಈ ಯಮುನಮ್ಮನೇ ಎಂದು ವಾಸಪ್ಪ ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಓದು ಬರಹ ತಾವೇ ಕಲಿಸಿದ್ದು ಎಂದೂ ಸೇರಿಸಿದರು. ಕೇಂದ್ರ ಮುಚ್ಚುವ ಆದೇಶ ಬಂದಿದೆ ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಅದರ ಪ್ರತಿ ತಾಲ್ಲೂಕು ಕಚೇರಿಗೆ ಬಂದಾಗ ಅಲ್ಲಿಯ ಗುಮಾಸ್ತನೊಬ್ಬ ಅದರಲ್ಲಿ ಎತ್ತಿ ಬರೆದಿದ್ದ ನನ್ನ ಅಡಿಟಿಪ್ಪಣಿಯನ್ನು ಕನ್ನಡ ಮಾಡಿ, ಪಡಸಾಲೆಯಲ್ಲಿದ್ದ ಹತ್ತು ಮಂದಿಗೆ ಓದಿ ಹೇಳಿದ್ದನಂತೆ. ಅಂದಿನಿಂದ ಊರವರು ಯಮುನಮ್ಮನನ್ನು ಕಂಡರೆ, ಇವತ್ತು ಎಷ್ಟು ಮಳೆ ಕಟ್ಟಿ ಬರೆದೆ ಎಂದು ಕೇಳಿ ನಗುತ್ತಿದ್ದರಂತೆ.

ಎಂಟೂವರೆಗೆ ಸರಿಯಾಗಿ ಅವಳು ಬಾಟಲಿಯನ್ನು ಹೊರತೆಗೆದಳು. ನನ್ನ ಕೈಗಡಿಯಾರ ನೋಡಿದೆ, ನಿಮಿಷ ತಪ್ಪಿರಲಿಲ್ಲ. ನೀರನ್ನು ಅಳತೆಯ ಗಾಜಿಗೆ ಸುರಿದು, ಗಾಜನ್ನು ಕಲ್ಲಿನ ಮೇಲಿಟ್ಟು, ಕೆಸರಿನಲ್ಲಿ ಮಂಡಿಯೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದಳು. ನೀರು ಅಲುಗಾಡುವುದು ನಿಲ್ಲುವ ತನಕ ಉಸಿರು ಬಿಗಿಹಿಡಿದಳು. ನಾನು ನೂರಾರು ಕೇಂದ್ರ ನೋಡಿದ್ದೇನೆ. ಬಹಳ ಜನ ನಿಂತಲ್ಲೇ ಬಗ್ಗಿ ಮೇಲಿನಿಂದ ಇಣುಕಿ ಒಂದು ಅಂಕಿ ಹೇಳಿಬಿಡುತ್ತಾರೆ. ಮಂಡಿಯೂರಿದವರು ಬೆರಳೆಣಿಕೆಯಷ್ಟು. ಗಾಜು ಎರಡು ಸಲ ತುಂಬಿತು, ಎರಡು ಸಲವೂ ಮಂಡಿಯೂರಿದಳು. ಬೆಳಗಿನ ಜಾವ ಬಾಟಲಿ ಕಂಠಕ್ಕೆ ಬಂದಿತ್ತೆಂದು ಆಗಲೇ ಒಮ್ಮೆ ಅಳೆದು ಸ್ಲೇಟಿನಲ್ಲಿ ಬರೆದಿಟ್ಟಿದ್ದಳು. ಅದನ್ನೂ ಕೂಡಿಸಿದಳು. ನನಗೆ ಒಳಗೊಳಗೇ ಸಿಟ್ಟು ಬಂತು. ಸುಳ್ಳು ಬರೆಯುವವಳು ಇಷ್ಟು ಸರಿಯಾಗಿ ಅಳೆಯಬಾರದು.

ಶಾಲೆಯೊಳಗೆ ಬಂದು ಕೈ ಒರೆಸಿಕೊಂಡು ಪುಸ್ತಕ ತೆರೆದಳು. ಶುಕ್ರವಾರ ಹತ್ತೊಂಬತ್ತನೆಯ ತಾರೀಕು. ಅವಳು ನೂರ ಮೂವತ್ತೆರಡು ಮಿಲಿಮೀಟರ್ ಎಂದು ಬರೆದದ್ದು ಹದಿನೆಂಟರ ಮುಂದೆ.

ತಪ್ಪು ಸಾಲಿನಲ್ಲಿ ಬರೆದೆ ಎಂದೆ. ಇಲ್ಲ ಎಂದಳು. ನಮ್ಮ ನಿಯಮ ಬಿಡಿಸಿ ಹೇಳಿದೆ. ದೇಶದ ಎಲ್ಲ ಕೇಂದ್ರಗಳಲ್ಲೂ ಬೆಳಿಗ್ಗೆ ಎಂಟೂವರೆಗೆ ಅಳೆದ ನೀರನ್ನು ಅಳೆದ ದಿನದ ತಾರೀಕಿಗೇ ಬರೆಯಬೇಕು. ಅವಳು ನನ್ನನ್ನು ಒಂದು ಕ್ಷಣ, ಲೆಕ್ಕ ಬಾರದ ಹುಡುಗನನ್ನು ನೋಡುವ ಹಾಗೆ ನೋಡಿದಳು.

"ನಿನ್ನೆ ಬಿದ್ದ ಮಳೇನ ಇವತ್ತಿನ ತಾರೀಕಿಗೆ ಹ್ಯಾಂಗೆ ಬರ್ಯದು? ಇವತ್ತಿನ ಮಳೆ ಇನ್ನೂ ಬಿದ್ದೇ ಇಲ್ಲ. ಬೀಳದ ಮಳೆ ಬರ್ದ್ರೆ ಅದು ಸುಳ್ಳಲ್ವಾ?"

ಮೊದಲಿನಿಂದಲೂ ಹೀಗೇ ಬರೆಯುತ್ತೀಯಾ ಎಂದು ಕೇಳಿದೆ. ಒಂದು ದಿನವೂ ತಪ್ಪಿಲ್ಲ ಎಂದಳು. ಬೆಳಗಾದಲ್ಲಿಂದ ಬೆಳಗಾಗುವ ತನಕ ಒಂದು ದಿನ. ಆ ದಿನದ ಹಾಲು ಆ ದಿನಕ್ಕೆ, ಆ ದಿನದ ಮಳೆ ಆ ದಿನಕ್ಕೆ. ಇದಕ್ಕೂ ಒಂದು ನಿಯಮ ಬೇಕೇ ಎನ್ನುವ ಹಾಗಿತ್ತು ಅವಳ ಮುಖ. ವಾಸಪ್ಪ ತಿಂಗಳ ಕೊನೆಗೆ ಸಹಿ ಹಾಕುತ್ತಿದ್ದರೇ ಹೊರತು, ಯಾವ ನೀರು ಯಾವ ಸಾಲಿಗೆ ಹೋಯಿತೆಂದು ಕೇಳಿರಲಿಲ್ಲ.

ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿ ನಾಲ್ಕು ಊರುಗಳ ಮಳೆಯ ಹಾಳೆಗಳಿದ್ದವು, ಅದೇ ಲೇಖನಕ್ಕೆ ಬಳಸಿದ್ದವು. 1964ರ ಜುಲೈ ಹಾಳೆಗಳನ್ನು ಶಾಲೆಯ ಬೆಂಚಿನ ಮೇಲೆ ಒಂದರ ಪಕ್ಕ ಒಂದು ಹರಡಿದೆ. ಮೇಲಿನಕೊಪ್ಪದ ಹಾಳೆಯನ್ನು ಎರಡು ಬೆರಳಿನಿಂದ ಒಂದೇ ಒಂದು ಸಾಲು ಕೆಳಗೆ ಸರಿಸಿದೆ. ಸಾಗರದಲ್ಲಿ ಜೋರು ಮಳೆ ಇದ್ದಲ್ಲಿ ಇಲ್ಲಿಯೂ ಜೋರು. ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟು ಹೊಳವಾಗಿದ್ದಲ್ಲಿ ಇಲ್ಲಿಯೂ ಹೊಳವು. ಜೂನ್ ಸರಿಸಿದೆ, ಆಗಸ್ಟ್ ಸರಿಸಿದೆ. ಮೂರು ಊರಿನ ಮಳೆಯ ಜೊತೆ ಮೇಲಿನಕೊಪ್ಪದ ಮಳೆ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ನಾಲ್ಕು ವರ್ಷದ ಅಂಕಿಗಳನ್ನು ಮೂರು ತಿಂಗಳು ಜಾಲಾಡಿದ ನಾನು, ಡಾಕ್ಟರೇಟ್ ಪಡೆದ ನಾನು, ಒಂದು ಹಾಳೆಯನ್ನು ಒಂದು ಸಾಲು ಕೆಳಗೆ ಎಳೆದು ನೋಡಿರಲಿಲ್ಲ. ಕಣ್ಣಿದ್ದೂ ಕುರುಡ ಎನ್ನುವುದನ್ನು ಬೇರೆಯವರಿಗೆ ಬೈಯಲು ಮಾತ್ರ ಬಳಸಿದ್ದೆ.

ತಾರೀಕು ಬಿಟ್ಟರೆ ಅವಳ ಮಳೆಯೆಲ್ಲ ನಿಜ ಎಂದಮೇಲೆ ನನ್ನ ರೇಖೆ ಸುಳ್ಳು. ಮಳೆ ನೆತ್ತಿಯಲ್ಲಿ ನಿಲ್ಲುವುದಿಲ್ಲ, ಹತ್ತು ಮೈಲಿ ಒಳಗೂ ಅಷ್ಟೇ ಸುರಿಯುತ್ತದೆ. ಗಜಾನನ ರೇಖೆಯ ಜೊತೆಗೆ ಮೂವತ್ತೆಂಟು ಉಲ್ಲೇಖಗಳೂ ಸೆಪ್ಟೆಂಬರಿನ ಕುರ್ಚಿಯೂ ಹೋಗುತ್ತವೆ. ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಆ ಬೆಂಚಿನ ಮುಂದೆ ನಿಂತು ನಾನು ಇನ್ನೊಂದು ದಾರಿಯನ್ನೂ ಯೋಚಿಸಿದೆ. ಆದೇಶ ನನ್ನ ಕೈಯಲ್ಲೇ ಇತ್ತು. ಮಾಪಕವನ್ನು ಕಿತ್ತು, ಪುಸ್ತಕಗಳನ್ನು ಕಟ್ಟಿ ನಮ್ಮ ಕಚೇರಿಯ ಅಟ್ಟಕ್ಕೆ ಹಾಕಿದರೆ ಆ ಹಾಳೆಯನ್ನು ಮತ್ತೆ ಯಾರೂ ಸರಿಸುತ್ತಿರಲಿಲ್ಲ.

ವಾಸಪ್ಪ ಗಾಬರಿಯಿಂದ ಕ್ಷಮೆ ಕೇಳತೊಡಗಿದರು. ಹೆಂಗಸಿಗೆ ತಿಳಿಯದೆ ಆಯಿತು, ದೊಡ್ಡ ಮನಸ್ಸು ಮಾಡಬೇಕು ಎಂದರು. ಯಮುನಮ್ಮ ಕ್ಷಮೆ ಕೇಳಲಿಲ್ಲ. ನನ್ನ ಹಾಳೆಗಳನ್ನು ಅವಳೂ ಬಗ್ಗಿ ನೋಡಿದ್ದಳು. ಎಲ್ಲವೂ ಸರಿಹೊಂದಿದ್ದು ಅವಳಿಗೂ ಕಂಡಿತ್ತು.

"ನನ್ನ ಮಳೆ ಸುಳ್ಳು ಅಂತ ಬರ್ದೋರು ಯಾರು?" ಎಂದು ಕೇಳಿದಳು.

ಇಲಾಖೆ ಎಂದು ಹೇಳಬಹುದಿತ್ತು. ಇಲಾಖೆಯ ಬೆನ್ನು ಅಗಲ, ಎಲ್ಲವನ್ನೂ ಹೊರುತ್ತದೆ. ಆದರೆ ಅವಳು ಅಳತೆಯ ಗಾಜನ್ನು ನೋಡಿದ ಹಾಗೆ ನನ್ನ ಕಣ್ಣಿನ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತಿದ್ದಳು.

"ನಾನೇ," ಎಂದೆ.

"ಹಂಗಾರೆ ತಿದ್ದೋರೂ ನೀವೇ," ಎಂದಳು. ಪುಸ್ತಕದ ಮೇಲೆ ಕೈಯಿಟ್ಟು, "ನಮ್ಮ ಗದ್ದೆ, ಮನೆ ಎಲ್ಲ ನೀರಡಿಗಿದಾವೆ. ಅದನ್ನ ಮುಳುಗಿಸಿದ ನೀರು ಎಷ್ಟು ಅಂತ ನಾನು ಅಳೆದಿಟ್ಟೀನಿ. ನಂಗೆ ಉಳಿದದ್ದು ಅದೊಂದೇ. ಅದನ್ನೂ ಸುಳ್ಳು ಅಂದ್ರೆ ನಾ ಸುಮ್ನಿರದಿಲ್ಲ," ಎಂದಳು.

ನನಗೆ ಸಿಟ್ಟು ಬೇಗ ಬರುತ್ತದೆ, ನಾಚಿಕೆ ತಡವಾಗಿ. ಅಂದು ಎರಡೂ ಒಟ್ಟಿಗೆ ಬಂದವು, ಎರಡೂ ನನ್ನ ಮೇಲೆಯೇ. ಆದೇಶವನ್ನು ಮಡಚಿ ಜೇಬಿಗೆ ಹಾಕಿದೆ. ಮೇಷ್ಟರಿಂದ ರೂಲರು ಇಸಿದುಕೊಂಡು, ಯಮುನಮ್ಮನ ಪುಸ್ತಕದ ಪ್ರತಿ ಪುಟದಲ್ಲೂ ಹೊಸ ಅಂಕಣ ಎಳೆಯುತ್ತ ಕೂತೆ. ಒಂದರ ತಲೆಯಲ್ಲಿ 'ಅಳೆದ ದಿನ' ಎಂದು ಬರೆದೆ, ಅದು ಇಲಾಖೆಗೆ. ಇನ್ನೊಂದರಲ್ಲಿ 'ಬಿದ್ದ ದಿನ', ಅದು ಅವಳಿಗೆ. ಎರಡು ಕಡೆ ಬರೆಯುವುದು ದಂಡ ಎಂದು ಗೊಣಗಿದಳು, ಆದರೆ ಒಪ್ಪಿದಳು. ಮಾಪಕ ಇದ್ದಲ್ಲೇ ಉಳಿಯಿತು. ಹೊರಡುವಾಗ ವಾಸಪ್ಪನ ಜೊತೆ ಊರೊಳಗೆ ಒಂದು ಸುತ್ತು ಹಾಕಿ, ಜಗಲಿಯ ಮೇಲಿದ್ದವರಿಗೆಲ್ಲ ತಪ್ಪು ನನ್ನದು, ಯಮುನಮ್ಮನ ಮಳೆ ಹನಿ ಹನಿಯೂ ನಿಜ ಎಂದು ಹೇಳಿದೆ. ಯಾರೂ ಹೆಚ್ಚು ಆಶ್ಚರ್ಯಪಡಲಿಲ್ಲ. ಇಷ್ಟು ಹೇಳಲು ಅಷ್ಟು ದೂರದಿಂದ ಬರಬೇಕಿತ್ತೇ ಎಂದು ಮುದುಕನೊಬ್ಬ ಕೇಳಿದ.

ತೀರ್ಥಹಳ್ಳಿಯ ಪ್ರವಾಸಿ ಬಂಗಲೆಯಲ್ಲಿ ಮೂರು ದಿನ ಕೂತು ತಿದ್ದುಪಡಿ ಬರೆದೆ. ಕೆಳಗೆ ತುಂಗೆ ಕೆಂಪಾಗಿ ಹರಿಯುತ್ತಿದ್ದಳು. ಹಳೆಯ ರೇಖೆಯನ್ನು ಹೊಡೆದುಹಾಕಿ, ಮೇಲಿನಕೊಪ್ಪದ ಅಂಕಿಗಳನ್ನು ಒಂದು ಸಾಲು ಸರಿಸಿ ನಿಯಮದ ತಾರೀಕಿಗೆ ತಂದು, ಹೊಸ ರೇಖೆ ಎಳೆದೆ. ನೆತ್ತಿಯಿಂದ ಒಳಗೆ ಹತ್ತು ಮೈಲಿ ತನಕ ಅದು ಇಳಿಯುವುದೇ ಇಲ್ಲ. ಎಳೆದು ಮುಗಿಸಿ ನೋಡಿದಾಗ, ಹಿಂದಿನದಕ್ಕಿಂತ ಎಷ್ಟೋ ಚೆನ್ನಾಗಿದೆ ಅನ್ನಿಸಿತು. ನನ್ನ ತಪ್ಪನ್ನು ಕಂಡುಹಿಡಿಯುವುದರಲ್ಲೂ ನಾನೇ ಮುಂದು ಎಂದು ಒಳಗೊಳಗೇ ಬೀಗಿದೆ. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಯಲ್ಲಿ ಆಧಾರಗಳ ಪಟ್ಟಿ. ಮೊದಲನೆಯ ಸಾಲಿನಲ್ಲಿ ಬರೆದೆ: ಯಮುನಮ್ಮ, ಮಳೆ ಪುಸ್ತಕ, ಮೇಲಿನಕೊಪ್ಪ, 1961ರಿಂದ 1968.

ಪತ್ರಿಕೆಯ ಸಂಪಾದಕರು ಅದನ್ನು ತೆಗೆಯಲು ಹೇಳಿ ಪತ್ರ ಬರೆದರು. ಅಚ್ಚಾಗದ ಪುಸ್ತಕವನ್ನು, ಅದೂ ಶಾಲೆ ಗುಡಿಸುವವಳದನ್ನು, ಉಲ್ಲೇಖಿಸುವ ಪದ್ಧತಿ ಇಲ್ಲವಂತೆ. ನನ್ನ ಸುಳ್ಳನ್ನು ಮೂರು ವರ್ಷ ಉಲ್ಲೇಖಿಸಿದ್ದೀರಿ, ಅವಳ ನಿಜವನ್ನು ಒಂದು ಸಲ ಉಲ್ಲೇಖಿಸಿದರೆ ಪತ್ರಿಕೆ ಮುಳುಗುವುದಿಲ್ಲ ಎಂದು ಉತ್ತರ ಹಾಕಿದೆ. 1969ರ ಜನವರಿಯಲ್ಲಿ ಹೆಸರು ಸಮೇತ ಅಚ್ಚಾಯಿತು. ಅಷ್ಟರಲ್ಲಿ ಕುರ್ಚಿ ಇನ್ನೊಬ್ಬರ ಪಾಲಾಗಿತ್ತು. ಮೇಲಿನಕೊಪ್ಪವನ್ನು ಮುಚ್ಚುವ ಆದೇಶವೂ ರದ್ದಾಯಿತು, ರದ್ದು ಮಾಡಿದ ಕಾಗದದಲ್ಲಿ ನನ್ನ ತಿದ್ದುಪಡಿಯ ಉಲ್ಲೇಖವಿತ್ತು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಅದನ್ನು ಒಂದನೆಯದಾಗಿ ಬರೆದುಕೊಂಡೆ.

ಲೇಖನದ ಒಂದು ಪ್ರತಿಯನ್ನು ಯಮುನಮ್ಮನಿಗೆ ಕಳಿಸಿದೆ. ಕೃತಜ್ಞತೆಯ ಪತ್ರ ಬರುತ್ತದೆಂದು ನಿರೀಕ್ಷಿಸಿದ್ದೆ, ಸುಳ್ಳು ಯಾಕೆ ಹೇಳಲಿ. ಬಂದದ್ದು ಒಂದು ಕಾರ್ಡು. ಅಕ್ಷರ ಅವಳದೇ, ಅಂಕಿಗಳ ಹಾಗೆ ನೆಟ್ಟಗೆ.

"ಲೇಖನ ತಲುಪಿತು. ಮೇಷ್ಟರು ಓದಿ ಹೇಳಿದರು. ಒಂದು ತಪ್ಪಿದೆ. ಎಲ್ಲಕ್ಕಿಂತ ದೊಡ್ಡ ಮಳೆ ಮುನ್ನೂರ ಎಪ್ಪತ್ತಾರು, 1964 ಜುಲೈ ಹದಿನೇಳು ಎಂದು ಹಾಕಿದ್ದೀರಿ. ಅದು ಬಿದ್ದದ್ದು ಹದಿನಾರು. ಅವತ್ತು ಸಂಜೆ ಕೆಳಗಿನ ನಮ್ಮ ಮನೆಯ ಮಾಡು ನೀರೊಳಗೆ ಹೋಯಿತು. ನಾನು ಗುಡ್ಡದ ಮೇಲೆ ನಿಂತು ನೋಡಿದ್ದೇನೆ. ನನಗೆ ತಾರೀಕು ತಪ್ಪುವುದಿಲ್ಲ."

ಎರಡು ದಿನ ನನಗೆ ಸಮಾಧಾನವಿರಲಿಲ್ಲ. ನಿಯಮದ ಪ್ರಕಾರ ಹದಿನೇಳೇ ಸರಿ. ಒಬ್ಬಳಿಗಾಗಿ ದೇಶದ ಎಲ್ಲ ಕೇಂದ್ರಗಳ ಪದ್ಧತಿ ಬದಲಾಗುವುದಿಲ್ಲ, ಆಗಲೂಬಾರದು. ಆದರೆ ಗುಡ್ಡದ ಮೇಲೆ ನಿಂತು ಮನೆ ಮುಳುಗಿದ್ದನ್ನು ನೋಡಿದ ಹೆಂಗಸು, ಮರುದಿನ ಎಂಟೂವರೆಗೆ ಕೆಸರಿನಲ್ಲಿ ಮಂಡಿಯೂರಿ, ನೀರು ಅಲುಗಾಡುವುದು ನಿಲ್ಲುವ ತನಕ ಕಾದು, ಮುನ್ನೂರ ಎಪ್ಪತ್ತಾರು ಎಂದು ಓದಿದ್ದಾಳೆ. ಮುನ್ನೂರ ಎಪ್ಪತ್ತೈದೂ ಅಲ್ಲ, ಎಂಬತ್ತೂ ಅಲ್ಲ. ಆ ಅಂಕಿಯನ್ನೇ ನಾನು ಕಲ್ಪನೆ ಎಂದಿದ್ದೆ.

ಆ ವರ್ಷದ ಜುಲೈಯಲ್ಲಿ ನನ್ನ ಹದಿಮೂರನೆಯ ಲೇಖನ ಬಂತು. ಅದರ ಎರಡನೆಯ ತಖ್ತೆಯಲ್ಲಿ ಮೇಲಿನಕೊಪ್ಪದ ದೊಡ್ಡ ಮಳೆ ಇದೆ, ಪಕ್ಕದಲ್ಲಿ ಒಂದು ಚುಕ್ಕಿ ಗುರುತು. ಪುಟದ ಕೆಳಗೆ ಅಡಿಟಿಪ್ಪಣಿ: "ನಿಯಮದಂತೆ ತಾರೀಕು 17. ಮಳೆ ಬಿದ್ದದ್ದು 16ರಂದು. ಆಧಾರ: ಯಮುನಮ್ಮ, ಕಣ್ಣಾರೆ ಕಂಡದ್ದು." ಈ ಸಲ ಸಂಪಾದಕರು ಏನೂ ಕೇಳಲಿಲ್ಲ. ಈ ಅಡಿಟಿಪ್ಪಣಿಯನ್ನು ಜಪಾನಿನವರಾಗಲಿ ಜರ್ಮನಿಯವರಾಗಲಿ ಇದುವರೆಗೆ ಉಲ್ಲೇಖಿಸಿಲ್ಲ. ನಾನು ಬರೆದದ್ದರಲ್ಲಿ ಅದಕ್ಕಿಂತ ಸರಿಯಾದ ಸಾಲು ಇನ್ನೊಂದಿಲ್ಲ.

ಅದರ ಪ್ರತಿ ಕಳಿಸಿದ ಹತ್ತು ದಿನಕ್ಕೆ ಮೇಲಿನಕೊಪ್ಪದಿಂದ ಕಾರ್ಡು ಬಂತು. ಅದರಲ್ಲಿ ಎರಡೇ ಸಾಲು.

"ಈಗ ಸರಿಯಾಯಿತು. ನಿನ್ನೆಯ ಮಳೆ ನೂರ ನಾಲ್ಕು."